ರೂಕ್ಷ ಅಂದ್ರ ಏನ್ರಿ?

ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಒಂದು ಕನ್ನಡ ಶಬ್ದದ ಅರ್ಥವನ್ನು ಸರಿಯಾಗಿ ಹೇಳಿಕೊಟ್ಟವರು ನಮ್ಮ ಶಾಲೆಯ ಹಿಂದಿ ಟೀಚರ್. ಅವರ ಮನೆಮಾತು ಕನ್ನಡವಲ್ಲ, ಪುಸ್ತಕದ ಹಿಂದಿಯೂ ಅಲ್ಲ. ಬೀದರದ ಹಳೇ ಊರಿನ ಗಲ್ಲಿಗಳಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದ ದಖ್ಖನಿ ಉರ್ದು. ಮಕ್ಕಳು, ಹೆಡ್‌ಮಾಸ್ತರರು, ಬಸ್ಸಿನ ಕಂಡಕ್ಟರು, ಎಲ್ಲರಿಗೂ ಅವರು ಆಪಾ. ಆಪಾ ಎಂದರೆ ಅಕ್ಕ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಕಳೆದ ತಿಂಗಳು ಆಪಾ ತೀರಿಕೊಂಡರು. ನಾನು ಈಗಿರುವ ಭಾಲ್ಕಿಯಿಂದ ಬೀದರಕ್ಕೆ ಹೋಗಿ ಆ ಮನೆಯ ಹೆಂಗಸರ ನಡುವೆ ಒಂದು ಮಧ್ಯಾಹ್ನ ಕುಳಿತು ಬಂದೆ. ಅಳು ಬರಲಿಲ್ಲ. ಅವರು ಸಿಗದೇ ಹೋಗಿದ್ದರೆ ನಾನು ಎಂಥವಳಾಗಿ ಉಳಿದಿರುತ್ತಿದ್ದೆ ಎಂದು ಯೋಚಿಸುತ್ತ ಬಸ್ಸಿನಲ್ಲಿ ವಾಪಸಾದೆ.

ಹತ್ತು ವರ್ಷದ ಹಿಂದೆ ನನಗೆ ಕೆಲಸ ಸಿಕ್ಕಿ, ಔರಾದ ತಾಲೂಕಿನ ಸಂತಪುರದ ಪ್ರೌಢಶಾಲೆಗೆ ಆದೇಶ ಬಂದಾಗ, ತುಮಕೂರು ಕಡೆಯ ನಮ್ಮ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ನಮ್ಮಪ್ಪ ಗೋಡೆಯ ಮೇಲಿನ ನಕ್ಷೆಯಲ್ಲಿ ಬೆರಳಿಟ್ಟು, ಮೇಲಕ್ಕೆ ಸರಿಸುತ್ತ ಸರಿಸುತ್ತ ನಕ್ಷೆಯ ನೆತ್ತಿಗೆ ಬಂದು ನಿಂತರು. "ಎರಡು ವರ್ಷ ತಡ್ಕೊ, ಹೇಗಾದ್ರೂ ಮಾಡಿ ಈ ಕಡೆ ಬಂದುಬಿಡಬಹುದು" ಎಂದರು. ನಾನು ಹೊರಟಿದ್ದೇ ವಾಪಸಾಗುವ ಮನಸ್ಸಿನಿಂದ.

ಸಂತಪುರದಲ್ಲಿ ಬಸ್ಸಿಳಿದು ಟ್ರಂಕು ಕೆಳಗಿಟ್ಟೆ. ಹೋಟೆಲಿನ ಮುಂದೆ ಕುಳಿತಿದ್ದ ವಯಸ್ಸಾದವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ ಬಂದೀರಿ?" ಎಂದರು. ನಮ್ಮ ಕಡೆ ಈ ಪ್ರಶ್ನೆಯನ್ನು ಜಗಳಕ್ಕೆ ಬಂದವರಿಗೆ ಮಾತ್ರ ಕೇಳುತ್ತಾರೆ. ಮುಖಕ್ಕೆ ಹೊಡೆದಂತಾಯಿತು. ಉತ್ತರ ಕೊಡದೆ ಟ್ರಂಕು ಎತ್ತಿಕೊಂಡು ಎದುರಿಗೆ ಕಂಡ ದಾರಿ ಹಿಡಿದೆ. ಹಿಂದಿನಿಂದ ಅವರು ಏನೋ ಕೂಗುತ್ತಲೇ ಇದ್ದರು. ನಾನು ತಿರುಗಲಿಲ್ಲ. ಶಾಲೆಯ ದಾರಿ ಅದಲ್ಲ ಎಂದು ಅವರು ಕೂಗುತ್ತಿದ್ದರು ಎಂಬುದು ತೊಗರಿ ಹೊಲದ ನಡುವೆ ಹೋಗಿ ನಿಂತ ಮೇಲೆ ತಿಳಿಯಿತು.

ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಪಕ್ಕದ ಮನೆಯ ಹೆಂಗಸು ಮೊದಲ ದಿನವೇ ಬಾಗಿಲಲ್ಲಿ ಬಂದು ನಿಂತು, "ಒಬ್ಬಾಕಿನೇ ಇರ್ತೀರೇನ್ರಿ? ಮದಿವಿ ಆಗಿಲ್ಲೇನು? ಅವ್ವ ಅಪ್ಪ ಹ್ಯಾಂಗ ಕಳಸ್ಯಾರ?" ಎಂದು ಒಂದರ ಹಿಂದೊಂದು ಕೇಳಿದಳು. ಅವಳ ಕೈಯಲ್ಲಿ ಚಹಾದ ಕಪ್ಪಿತ್ತು. ನನಗೆ ಕಂಡದ್ದು ಪ್ರಶ್ನೆಗಳು ಮಾತ್ರ. "ನಾನು ಟೀ ಕುಡಿಯಲ್ಲ" ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ.

ಆಪಾ ಆಗ ಐವತ್ತು ದಾಟಿದ್ದರು. ಗಿಡ್ಡ, ಗಟ್ಟಿ ಹೆಂಗಸು. ದಿನವೂ ಬೀದರದಿಂದ ಔರಾದಿನ ಬಸ್ಸಿಗೆ ಬಂದು ಸೇರುಗಟ್ಟಲೆ ಧೂಳು ಕೊಡವಿಕೊಂಡು, ಬುರ್ಖಾ ತೆಗೆದು ಸ್ಟಾಫ್‌ರೂಮಿನ ಗೂಟಕ್ಕೆ ಹಾಕಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಕ್ಲಾಸಿಗೆ ಹೋಗುತ್ತಿದ್ದರು. ನಗುವುದು ಕಡಿಮೆ. ನಗು ಬಂದರೆ ಬಾಯಿಗೆ ಸೆರಗು ಹಿಡಿದು ಭುಜ ಮಾತ್ರ ಕುಣಿಸುತ್ತಿದ್ದರು. ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತಿತ್ತು. ಗುಂಡಿ ಕಿತ್ತ ಅಂಗಿಯ ಮಗು ಕಂಡರೆ ಪಾಠ ನಿಲ್ಲಿಸಿ, ಅಂಗಿ ಮೈಮೇಲಿರುವಾಗಲೇ ಗುಂಡಿ ಹಚ್ಚುತ್ತಿದ್ದರು. "ಅಲುಗ್ಯಾಡಬ್ಯಾಡ, ಸೂಜಿ ಚುಚ್ಚತದ" ಎನ್ನುತ್ತ, ಹಾಗೇ ಬಾಯಿಪಾಠವನ್ನೂ ಒಪ್ಪಿಸಿಕೊಳ್ಳುತ್ತಿದ್ದರು. ಅಲುಗಾಡದೆ ಒಪ್ಪಿಸಿದ ಪದ್ಯ ಯಾರಿಗೂ ಮರೆಯುತ್ತಿರಲಿಲ್ಲ.

ಹಿಂದಿಯಲ್ಲಿ ರೊಟ್ಟಿ ಯಾಕೆ ಹೆಣ್ಣು, ಅನ್ನ ಯಾಕೆ ಗಂಡು ಎಂದು ಒಂದು ಮಗು ಕೇಳಿದಾಗ ಅವರು ಕೊಟ್ಟ ಉತ್ತರ ಗೋಡೆಯಾಚೆ ಪಾಠ ಮಾಡುತ್ತಿದ್ದ ನನಗೂ ಕೇಳಿಸಿತ್ತು: "ಎರಡೂ ಹೊಟ್ಟಿಗಿ ಹೋಗ್ತಾವ. ನೆನಪ ಇಟ್ಕೋ, ತಕರಾರ ಮಾಡಬ್ಯಾಡ."

ಆದರೆ ತಾವು ಮಾತ್ರ ಶಬ್ದಗಳ ಬಗ್ಗೆ ತಕರಾರು ಮಾಡುತ್ತಲೇ ಇದ್ದರು. ಕನ್ನಡ ಪತ್ರಿಕೆಯನ್ನು ಬಸ್ಸಿನಲ್ಲಿ ಬೆರಳಿಟ್ಟು ಓದುತ್ತಿದ್ದರು. ತಿಳಿಯದ ಶಬ್ದ ಬಂದರೆ ಟಿಕೆಟ್ಟಿನ ಹಿಂದೆ ಬರೆದುಕೊಂಡು ಬಂದು ನನ್ನ ಮುಂದಿಡುತ್ತಿದ್ದರು. "ಇದಕ್ಕ ನಿಮ್ಮ ಕಡಿ ಏನಂತಾರ್ರಿ?" ಎನ್ನುವುದು ಅವರ ನಿತ್ಯದ ಮಾತು. ನಾನು ಅರ್ಥ ಹೇಳಿದರೆ ಸಾಕಾಗುತ್ತಿರಲಿಲ್ಲ. "ಹಂಗಲ್ಲ. ಯಾರು ಯಾರಿಗಿ ಅಂತಾರ, ಯಾವಾಗ ಅಂತಾರ, ಅದು ಹೇಳ್ರಿ" ಎಂದು ಕೂತುಬಿಡುತ್ತಿದ್ದರು. ನನಗೆ ಬೇಸರವಾಗುತ್ತಿತ್ತು.

ಊಟದ ಹೊತ್ತಿಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದೆ. ಆಪಾ ಹಿಂದಿನಿಂದ ಬಂದು ನನ್ನ ಡಬ್ಬಿಯ ಮುಚ್ಚಳದ ಮೇಲೆ ಒಂದು ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಯ ಇಟ್ಟು ಹೋಗುತ್ತಿದ್ದರು. ನಾನು ಅದನ್ನು ಹಾಗೇ ತೆಗೆದು ಅವರ ಡಬ್ಬಿಯಲ್ಲಿ ವಾಪಸು ಇಡುತ್ತಿದ್ದೆ. "ಬೇಡ ಮೇಡಂ, ಥ್ಯಾಂಕ್ಸ್." ಎರಡು ತಿಂಗಳು ಹೀಗೆ ನಡೆಯಿತು. ಒಂದು ದಿನ ಅವರು ಇಡುವುದನ್ನು ನಿಲ್ಲಿಸಿದರು. ನನಗೆ ಹಾಯೆನಿಸಿತು.

ಚಳಿಗಾಲದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಒಂದು ಬೆಳಿಗ್ಗೆ ನನ್ನ ಬಾಗಿಲ ಚಿಲಕಕ್ಕೆ ಹಸಿ ಕಡಲೆ ಗಿಡದ ದೊಡ್ಡ ಕಟ್ಟು ಸಿಕ್ಕಿಸಿತ್ತು. ಕಾಯಿ ತುಂಬಿದ ಗಿಡಗಳು, ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇಟ್ಟು ಹೋದದ್ದೆಂದು ಪಕ್ಕದ ಮನೆಯವಳು ಹೇಳಿದಳು. ಕುರಿ ಸಾಕಿ, ಒಂದಿಷ್ಟು ಒಣಬೇಸಾಯ ಮಾಡುವ ಮನೆಯ ಮಗಳು. ಕನ್ನಡದಲ್ಲಿ ಅವಳಷ್ಟು ಚುರುಕು ನನ್ನ ಯಾವ ಕ್ಲಾಸಿನಲ್ಲೂ ಇರಲಿಲ್ಲ. ಪರೀಕ್ಷೆ ಹತ್ತಿರವಿತ್ತು. ನಾನು ಆ ಕಟ್ಟನ್ನು ಶಾಲೆಗೆ ಒಯ್ದು, ಎಲ್ಲರ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಮಾರ್ಕ್ಸಿಗೋಸ್ಕರ ಟೀಚರ್‌ಗೆ ಇಂಥದ್ದೆಲ್ಲ ತಂದುಕೊಡೋದು ತಪ್ಪು" ಎಂದು ವಾಪಸು ಕೊಟ್ಟೆ. ಹುಡುಗಿ ಕಟ್ಟನ್ನು ಎದೆಗೆ ಒತ್ತಿಕೊಂಡು ತನ್ನ ಬೆಂಚಿಗೆ ಹೋಗಿ ಕುಳಿತಳು. ಆ ದಿನ ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಒಂದು ಲೇಖನ ಬರೆದೆ. ನಮ್ಮ ಕಡೆಯ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ನನ್ನ ಫೋಟೋ ಸಮೇತ ಬಂತು. ಬಿಸಿಲು, ನೀರಿಗಾಗಿ ಕಾಯುವ ಕೊಡಗಳು, ಕಪ್ಪು ನೆಲದ ಬಿರುಕು, ಎಲ್ಲವನ್ನೂ ಚೆನ್ನಾಗಿಯೇ ಬರೆದಿದ್ದೆ. ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯವಿತ್ತು: "ಸಂತಪುರದ ನೆಲದಂತೆ ಜನರೂ ರೂಕ್ಷ." ಆ ವಾಕ್ಯ ಬರೆದು ಮುಗಿಸಿದಾಗ ಪೆನ್ನು ಕೆಳಗಿಟ್ಟು ಎರಡು ಸಲ ಓದಿಕೊಂಡಿದ್ದೆ. ಅಷ್ಟು ಹಿಡಿಸಿತ್ತು.

ಸಂತಪುರದಲ್ಲಿ ಯಾರು ಓದುತ್ತಾರೆ ಎಂದುಕೊಂಡಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅದು ಊರಿನ ಪ್ರತಿ ಫೋನಿನಲ್ಲೂ ಇತ್ತು. ಯಾರೂ ನನ್ನ ಜೊತೆ ಜಗಳ ಮಾಡಲಿಲ್ಲ. ಹಾಲಿನವಳು ದಿನಾ "ಟೀಚರ್" ಎಂದು ಕೂಗಿ ಕೊಡುತ್ತಿದ್ದವಳು, ಪಾತ್ರೆಗೆ ಸುರಿದು ಸುಮ್ಮನೆ ಹೋಗತೊಡಗಿದಳು. ಕ್ಲಾಸಿನಲ್ಲಿ ಮಕ್ಕಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಆಪಾ ಟಿಕೆಟ್ಟಿನ ಹಿಂದೆ ಶಬ್ದ ಬರೆದುಕೊಂಡು ಬರುವುದೂ ನಿಂತಿತು.

ಪಾಲಕರ ಸಭೆ ಆ ತಿಂಗಳ ಕೊನೆಯಲ್ಲಿತ್ತು. ಎಲ್ಲರೂ ಸಹಿ ಮಾಡಿ ಹೋದ ಮೇಲೆ ಆ ಹುಡುಗಿಯ ಅಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು. ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ. ಪಕ್ಕದಲ್ಲಿ ಮಗಳು. ಕಡಲೆಯ ಮಾತು ತೆಗೆಯುತ್ತಾರೆ ಎಂದು ಉತ್ತರ ಸಿದ್ಧ ಮಾಡಿಕೊಂಡೆ.

"ಟೀಚರ್, ಒಂದು ಶಬ್ದದ ಅರ್ಥ ಬೇಕಾಗ್ಯಾದ್ರಿ" ಎಂದರು.

"ಯಾವ ಶಬ್ದ?"

ಅವರು ಕಿಸೆಯಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. ಗಾಜು ಸೀಳಿತ್ತು. ಸೀಳಿನ ಹಿಂದೆ ನನ್ನ ಫೋಟೋ.

"ಮಗಳು ಪೂರಾ ಓದಿ ಹೇಳಿದ್ಳು. ಬಿಸಲು ಬರ್ದೀರಿ, ನೀರಿಂದು ಬರ್ದೀರಿ, ಎಲ್ಲಾ ಖರೇನೇ ಅದ. ಇದೊಂದು ಶಬ್ದ ಬಂದಾಗ ಆಕಿ ನಿಂತಬಿಟ್ಳು. ಅರ್ಥ ಕೇಳ್ದ್ರ ಗೊತ್ತಿಲ್ಲ ಅಂದ್ಳು. ಟೀಚರ್‌ಗೇ ಕೇಳ್ಬೇಕು ಅಂದ್ಳು. ರೂಕ್ಷ ಅಂದ್ರ ಏನ್ರಿ?"

ಹುಡುಗಿ ನೆಲ ನೋಡುತ್ತಿದ್ದಳು. ಸಮಾನಾರ್ಥಕ ಪದಗಳಲ್ಲಿ ಅವಳಿಗೆ ಒಂದೇ ಒಂದು ತಪ್ಪೂ ಬರುತ್ತಿರಲಿಲ್ಲ. ಅವಳಿಗೆ ಅರ್ಥ ಗೊತ್ತಿತ್ತು. ಅಪ್ಪನಿಗೆ ಹೇಳುವ ಮನಸ್ಸಾಗಿರಲಿಲ್ಲ, ಅಷ್ಟೆ.

ನಾನು ಬಾಯಿ ತೆರೆದೆ. ಗಟ್ಟಿ ಎಂದು ಅರ್ಥ, ಕಷ್ಟಸಹಿಷ್ಣು ಎಂದು ಅರ್ಥ, ಹೀಗೆ ಎರಡು ಮೂರು ಸುಳ್ಳುಗಳು ನಾಲಿಗೆಯ ತನಕ ಬಂದವು. ಆಡಲಾಗಲಿಲ್ಲ. ನಿಜ ಹೇಳುವುದಕ್ಕೂ ಆಗಲಿಲ್ಲ. ಸುಮ್ಮನೆ ನಿಂತೆ. ಆ ಮನುಷ್ಯ ಅಷ್ಟು ಹೊತ್ತೂ ಫೋನು ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯದೆ ಕಾಯುತ್ತಿದ್ದರು.

ಪಕ್ಕದ ಮೇಜಿನಿಂದ ಆಪಾ ಎದ್ದು ಬಂದರು.

"ನಾ ಹೇಳ್ತೇನಿ ತಮ್ಮಾ. ರೂಖಾ ಅಂತ ಅರ್ಥ. ನಾವು ನೀವು ಬಾಯಾಗ ರೂಖಾ ಅಂತೀವಿ, ಪುಸ್ತಕದಾಗ ರೂಕ್ಷ ಅಂತಾರ. ಎರಡೂ ಒಂದೇ ಶಬ್ದ. ಬಂದೋರಿಗಿ ಬಾ ಅನ್ನಲಾರದ ಮಂದಿ, ಕುಂದ್ರು ಅನ್ನಲಾರದ ಊರು. ಟೀಚರ್ ಹಂಗ ಬರ್ದಾರ."

"ರೂಖಾ" ಎಂದರು ಹುಡುಗಿಯ ಅಪ್ಪ. ನಾಲಿಗೆಯ ಮೇಲೆ ಇಟ್ಟು ನೋಡುವವರಂತೆ ಮತ್ತೊಮ್ಮೆ, "ರೂಖಾ." ಆಮೇಲೆ ಫೋನು ಕಿಸೆಗೆ ಹಾಕಿಕೊಂಡರು. "ಆಯ್ತು ಬಿಡ್ರಿ. ಅರ್ಥ ಗೊತ್ತಾಯ್ತು." ಮಗಳ ಹೆಗಲ ಮೇಲೆ ಕೈಯಿಟ್ಟು ಹೊರಟುಹೋದರು.

ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಉಳಿದಾಗ ನನ್ನ ಸಿಟ್ಟೆಲ್ಲ ಆಪಾನ ಮೇಲೆ ತಿರುಗಿತು. "ಬೇರೆ ಏನಾದರೂ ಅರ್ಥ ಹೇಳಬಹುದಿತ್ತಲ್ಲ ಮೇಡಂ! ಅವರಿಗೇನು ಗೊತ್ತಾಗುತ್ತಿತ್ತು?"

"ಅವಗ ಗೊತ್ತಾಗ್ತಿದ್ದಿಲ್ಲ. ಮಗಳಿಗಿ ಗೊತ್ತಿತ್ತು. ಆಕಿ ಮುಂದ ನಾ ಸುಳ್ಳ ಹೇಳ್ಲೇನು? ನಾಳಿ ಆಕಿಗಿ ಪಾಠ ಹ್ಯಾಂಗ ಹೇಳ್ಲಿ?"

ನಾನು ಅತ್ತೆ. ಅವರು ಅಳಲು ಬಿಟ್ಟರು. ಅಳು ನಿಂತ ಮೇಲೆ ಕೇಳಿದರು: "ಈ ಊರಾಗ ಎಷ್ಟ ಮನಿಗಿ ಹೋಗೀರಿ ನೀವು?"

"ಯಾರೂ ಕರೆದಿಲ್ಲ."

"ಇಲ್ಲಿ ಕರಿಯಂಗಿಲ್ಲ. ಕರಿಯೋದು ಲಗ್ನಕ್ಕ. ಉಳಿದ ದಿನ ಮಂದಿ ಬರ್ತಾರ, ಕುಂದ್ರತಾರ, ಹೋಗ್ತಾರ. ನಿಮಗ ಊರಾಗ ಏನಂತಾರ ಗೊತ್ತದೇನು?"

ಗೊತ್ತಿಲ್ಲವೆಂದು ತಲೆಯಾಡಿಸಿದೆ.

"ರೂಖಾ ಟೀಚರ್. ನೀವು ಬಂದ ಮೊದಲನೇ ತಿಂಗಳೇ ಹೆಸರು ಇಟ್ಟಾರ."

ಆಪಾ ಬೆರಳು ಮಡಚಿ ಎಣಿಸಲಿಲ್ಲ, ದನಿ ಏರಿಸಲಿಲ್ಲ. ಪಕ್ಕದ ಮನೆಯವಳು ತಂದ ಚಹಾ ನೆನಪಿದೆಯೇ ಎಂದು ಕೇಳಿದರು. ಕಡಲೆ ಗಿಡದ ಮಾತನ್ನು ಅವರೇ ಬಿಡಿಸಿ ಹೇಳಿದರು. ಹೊಲದಲ್ಲಿ ಮೊದಲು ಬಂದ ಕಡಲೆಯಲ್ಲಿ ಒಂದು ಕಟ್ಟು ಬೇಕಾದವರ ಬಾಗಿಲಿಗೆ ಸಿಕ್ಕಿಸುವುದು ಆ ಮನೆಯ ರೂಢಿಯಂತೆ. ಅವರ ಮನೆಯಲ್ಲಿ ಪರೀಕ್ಷೆ ಯಾವಾಗ ಎಂಬುದೇ ಯಾರಿಗೂ ತಿಳಿದಿರಲಿಲ್ಲವಂತೆ.

"ನಡಿ" ಎಂದರು ಆಮೇಲೆ. ಅದುವರೆಗೂ ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿರಲಿಲ್ಲ.

"ಎಲ್ಲಿಗೆ?"

"ಅವನ ಮನಿಗಿ. ಎದ್ದೇಳು, ಮುಖ ತೊಳ್ಕೋ."

"ನಿಮ್ಮ ಬಸ್ಸು?"

"ಬಸ್ ನಾಳಿನೂ ಬರತದ."

ಮನೆ ಊರಿನ ಅಂಚಿಗಿತ್ತು. ಮುಳ್ಳುಬೇಲಿಯ ಕುರಿಹಟ್ಟಿ, ಅದಕ್ಕೆ ಅಂಟಿದ ಎರಡು ಕೋಣೆ. ಕುರಿಗಳು ಇನ್ನೂ ಬಂದಿರಲಿಲ್ಲ. ಹುಡುಗಿಯ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನಮ್ಮನ್ನು ನೋಡಿ, "ಯಾಕ ಬಂದೀರಿ?" ಎಂದಳು.

ನಾನು ಅಲ್ಲೇ ನಿಂತೆ. ಆಪಾ ನಡೆಯುತ್ತಲೇ, "ಸುಮ್ನ ಬಂದೀವಿ ತಂಗಿ, ಕುಂದ್ರಲಕ್ಕ" ಎಂದರು. ಆ ಮಾತು ಮುಗಿಯುವುದರೊಳಗೆ ಕಂಬಳಿ ಹಾಸಿ ಆಗಿತ್ತು, ನೀರಿನ ತಂಬಿಗೆ ಬಂದಿತ್ತು. ಏನು ಬೇಕಾಗಿ ಬಂದಿರಿ, ನನ್ನಿಂದ ಏನಾಗಬೇಕು ಎಂಬುದನ್ನು ಈ ಜನ ಎರಡು ಶಬ್ದಗಳಲ್ಲಿ ಕೇಳುತ್ತಾರೆ. ಒಂದು ವರ್ಷ ನಾನು ಆ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿಯ ವಾಸನೆ ಬಂತು. ನನಗೇನೂ ಬೇಡ ಎನ್ನಲು ಹೊರಟಿದ್ದೆ. ಆಪಾ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿದರು. ಅಷ್ಟರಲ್ಲಿ ಒಳಗೆ ಅವ್ವ ಮಗಳಿಗೆ ಪಿಸುಗುಡುವುದು ಕೇಳಿಸಿತು:

"ಪಲ್ಯ ಮುಗದದ. ರೂಖಾ ರೊಟ್ಟಿ ಹ್ಯಾಂಗ ಇಡ್ಲಿ ಅವರ ಮುಂದ? ಓಡಿ ಹೋಗಿ ಕಾಕಾನ ಮನ್ಯಾಗ ಜರಾ ಮಜ್ಜಿಗಿ ಇಸ್ಕೊಂಡು ಬಾ."

ಹುಡುಗಿ ಗಿಂಡಿ ಹಿಡಿದು ನಮ್ಮ ಮುಂದೆಯೇ ಓಡಿದಳು. ಅವ್ವನಿಗೆ ಪತ್ರಿಕೆಯ ಸಂಗತಿ ಗೊತ್ತಿತ್ತೋ ಇಲ್ಲವೋ ನಾನು ಇಂದಿಗೂ ಕೇಳಿಲ್ಲ. ಬಂದವರ ಎಲೆಗೆ ಬರೀ ರೊಟ್ಟಿ ಬೀಳಬಾರದು ಎಂದು ಅವಳು ಆ ಶಬ್ದ ಬಳಸಿದ್ದಳು. ನಾನು ತಲೆ ತಗ್ಗಿಸಿ ಕಂಬಳಿಯ ಎಳೆ ಕೀಳುತ್ತ ಕುಳಿತೆ. ಆಪಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲಿಂದ ಎದ್ದು ಹೋಗಿಬಿಡುತ್ತಿದ್ದೆನೇನೋ.

ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮಜ್ಜಿಗೆ. ಉಣ್ಣುತ್ತಿರುವಾಗಲೇ ಕುರಿಗಳು ಬಂದವು. ಧೂಳಿನ ಹಿಂದೆ ಮನೆಯ ಯಜಮಾನರು. ನಮ್ಮನ್ನು ಕಂಡು ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಮಗಳ ಶಾಲೆಗೆ ಬಂದು ಹೋದ ಮೇಲೆ ಮತ್ತೆ ಕುರಿಯ ಹಿಂದೆ ಹೋಗಿದ್ದರು. ಕೈಯಲ್ಲಿ ರೊಟ್ಟಿಯಿದ್ದ ಹಾಗೆಯೇ ನಾನು ಎದ್ದು ನಿಂತೆ.

"ನಾನು ಬರೆದದ್ದು ತಪ್ಪು. ಯಾರ ಮನೆಗೂ ಹೋಗದೆ ಬರೆದೆ. ಕ್ಷಮಿಸಿ."

ಅವರು ಬೇಲಿಯ ಬಾಯಿಗೆ ಮುಳ್ಳಿನ ಕಂಟಿ ಎಳೆದು ಮುಚ್ಚುತ್ತಿದ್ದರು. ಪೂರ್ತಿ ಮುಚ್ಚಿ, ಕೈ ಕೊಡವಿಕೊಂಡು ಹೇಳಿದರು: "ಪೇಪರ್‌ನಾಗ ಬಂದದ್ದು ಒರಸಾಕ ಬರಂಗಿಲ್ರಿ. ಇರಲಿ. ಕುಂತು ಉಣ್ರಿ, ನಿಂತ ಉಣ್ಣಬಾರದು."

ಹೊರಡುವಾಗ ಹುಡುಗಿಯನ್ನು ಪಕ್ಕಕ್ಕೆ ಕರೆದು ಕಡಲೆಗಾಗಿಯೂ ತಪ್ಪೊಪ್ಪಿಕೊಂಡೆ. ಅವಳು, "ಅವು ಆ ದಿನಾನೇ ಕುರಿಗಿ ಹಾಕಿದ್ವಿರಿ ಟೀಚರ್" ಎಂದಳು. ಕ್ಷಮಿಸಿದ್ದೇನೆ ಎಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಎಂದಿನಂತೆ ಮೊದಲು ಕೈಯೆತ್ತಿದಳು.

ಆ ಸಂಜೆ ಆಪಾ ನನ್ನ ಕೋಣೆಯಲ್ಲೇ ಉಳಿದರು. ಪಕ್ಕದ ಮನೆಯವಳನ್ನು ತಾವೇ ಕೂಗಿ, "ಚಾ ಕುಡಿಸ್ತೀ ಏನವ್ವಾ? ಟೀಚರ್ ಕುಡೀತಾಳ, ಸುಳ್ಳ ಹೇಳ್ಯಾಳ" ಎಂದರು. ಆಕೆ ನಕ್ಕು ಎರಡು ಕಪ್ಪು ತಂದಳು. ಒಂದು ವರ್ಷ ನಾನು ಸ್ಟೌವಿನ ಮೇಲೆ ಕದ್ದು ಮಾಡಿಕೊಂಡು ಕುಡಿದ ಚಹಾದ ವಾಸನೆ ಆಕೆಗೆ ದಿನಾ ಬರುತ್ತಿತ್ತಂತೆ.

ಚಹಾ ಕುಡಿಯುತ್ತ ಆಪಾ ತಮ್ಮ ಮೊದಲ ನೌಕರಿಯ ಕಥೆ ಹೇಳಿದರು. ಮದುವೆಯಾಗಿ ಎರಡು ವರ್ಷ, ಕಂಕುಳಲ್ಲಿ ಮಗ. ಕೆಲಸ ಸಿಕ್ಕದ್ದು ಭಾಲ್ಕಿ ಕಡೆಯ ಒಂದು ಊರಿನಲ್ಲಿ. ಬಾಡಿಗೆಗೆ ಮನೆ ಹುಡುಕಿದರು. ಹೆಸರು ಕೇಳುವವರೆಗೆ ಖಾಲಿಯಿದ್ದ ಮನೆ ಹೆಸರು ಹೇಳಿದ ಮೇಲೆ ಖಾಲಿ ಇರುತ್ತಿರಲಿಲ್ಲ. ಹಾಗೆ ಮೂರು ಕಡೆ ಆಯಿತು. ಬೀದರದಿಂದ ಓಡಾಡುವ ರೂಢಿ ಆಗ ಶುರುವಾದದ್ದು, ಬಿಡಲೇ ಇಲ್ಲ.

"ಯಾವ ಊರು ಅದು?" ನನಗೆ ಆ ಊರಿನ ಮೇಲೆ ಸಿಟ್ಟು ಬಂದಿತ್ತು.

"ಊರಿನ ಹೆಸರು ಯಾಕ ಬೇಕು? ಮುಚ್ಚಿದ್ದು ಮೂರು ಬಾಗಿಲ. ಊರಾಗ ಮುನ್ನೂರು ಬಾಗಿಲ ಇದ್ದವು. ಮುನ್ನೂರಕ್ಕೂ ನಾ ಹೋಗಿಲ್ಲಲ್ಲ. ಎಷ್ಟ ಬಾಗಿಲ ಮುಚ್ಚಿದವೋ ಅಷ್ಟ ಹೇಳ್ಬೇಕು ಬೇಟಾ. ಊರಿಗಿ ಅನಬಾರದು."

ಇಷ್ಟು ಹೇಳಿ ಕಪ್ಪು ತೊಳೆದಿಟ್ಟು ಮಲಗಿಬಿಟ್ಟರು. ಆ ಮೂರು ಮನೆಯವರ ಬಗ್ಗೆ ಅದರ ಹಿಂದೆಯೂ ಮುಂದೆಯೂ ಅವರ ಬಾಯಲ್ಲಿ ಒಂದು ಮಾತು ಬರಲಿಲ್ಲ. ಅವರಿಗೆ ನೋವಾಗಿರಲಿಲ್ಲವೆಂದು ನಾನು ತಿಳಿದಿಲ್ಲ. ಆ ನೋವಿಗೆ ಎಷ್ಟು ಅಗಲವೋ ಅಷ್ಟೇ ಶಬ್ದವನ್ನು ಅವರು ಕತ್ತರಿಸಿಕೊಂಡಿದ್ದರು, ಅಷ್ಟೆ.

ಮೊದಲಿನ ತಪ್ಪನ್ನು ಒಪ್ಪಿಕೊಂಡು ನಾನು ಇನ್ನೊಂದು ಲೇಖನ ಬರೆದು ಅದೇ ಪತ್ರಿಕೆಗೆ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೊಮ್ಮೆ ಕಳಿಸಿದೆ. ಅದಕ್ಕೂ ಬರಲಿಲ್ಲ. ನಾನು ಸೋತು ಕುಳಿತಾಗ ಆಪಾ ಆ ಹಾಳೆಗಳನ್ನು ಇಸಿದುಕೊಂಡು ಹೋಗಿ, ಮೂರು ರಾತ್ರಿ ಕುಳಿತು ದೊಡ್ಡ ಅಕ್ಷರಗಳಲ್ಲಿ ನಕಲು ಮಾಡಿ ತಂದು ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿದರು. ಅವರ ಕನ್ನಡದಲ್ಲಿ ಒತ್ತಕ್ಷರಗಳು ತಪ್ಪುತ್ತಿದ್ದವು. ಮಕ್ಕಳು ಪೆನ್ಸಿಲಿನಿಂದ ತಿದ್ದಿದರು. ಹೀಗೆ ತಿದ್ದುಪಡಿಗಳ ಸಮೇತ ಅದನ್ನು ಊರು ಓದಿತು. ನಾನು ಬಸ್ಸಿಳಿದ ದಿನ ದಾರಿ ಹೇಳಲು ಕೂಗಿದ್ದ ಹಿರಿಯರು ಮೊಮ್ಮಗಳಿಂದ ಪೂರ್ತಿ ಓದಿಸಿ ಕೇಳಿ, "ನಂದೂ ಒಂದು ಮಾತು ಹಾಕೀರಲ್ಲ" ಎಂದು ಖುಷಿಪಟ್ಟರು.

ಆ ಮೇಲೆ ಸಂತಪುರದಲ್ಲಿ ನಾನು ಏಳು ವರ್ಷ ಇದ್ದೆ. ವರ್ಗದ ಅವಕಾಶ ಎರಡು ಸಲ ಬಂತು, ಅರ್ಜಿ ಹಾಕಲಿಲ್ಲ. ನಮ್ಮಪ್ಪನಿಗೆ ಇದು ಬಿಡಿಸಲಾಗದ ಒಗಟಾಯಿತು. ಒಮ್ಮೆ ಅವರೇ ನೋಡಲು ಬಂದರು. ಒಂದು ವಾರವಿದ್ದು, ಹನ್ನೊಂದು ಮನೆಯಲ್ಲಿ ಉಂಡು, ವಾಪಸು ಹೋದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಆಪಾ ನಿವೃತ್ತರಾದ ದಿನ ಸಭೆಯಲ್ಲಿ ಮೈಕು ಕೊಟ್ಟರೆ, "ಹೋದ ವರ್ಷದ ಗುಂಡಿ ಎಲ್ಲಾ ಹಚ್ಚೀನಿ, ಈ ವರ್ಷದ್ದು ನೀವ ಹಚ್ಕೋರಿ" ಎಂದಷ್ಟೇ ಹೇಳಿ ಕುಳಿತರು. ಮಕ್ಕಳು ನಗುತ್ತ ಅತ್ತರು.

ಕೊನೆಯ ವರ್ಷ ಅವರಿಗೆ ಕಿಡ್ನಿಯ ತೊಂದರೆ. ಭಾಲ್ಕಿಯಿಂದ ತಿಂಗಳಿಗೆರಡು ಸಲ ಹೋಗುತ್ತಿದ್ದೆ. ಕೊನೆಯ ಭೇಟಿಯಲ್ಲಿ ತುಂಬ ಸೋತಿದ್ದರು, ಆದರೆ ಮಾತು ನಿಚ್ಚಳವಾಗಿತ್ತು. ಸೊಸೆ ಅಡುಗೆಮನೆಗೆ ಹೋದದ್ದನ್ನು ನೋಡಿ ನನ್ನನ್ನು ಹತ್ತಿರಕ್ಕೆ ಕರೆದರು.

"ನಿನಗ ಒಂದು ಮಾತು ಹೇಳಿಲ್ಲ. ನೀ ಪೇಪರ್‌ನಾಗ ಬರ್ದಾಗ ನಾ ಒಂದು ಅರ್ಜಿ ಬರ್ದಿದ್ದೆ. ಈ ಟೀಚರ್ ನಮಗ ಬ್ಯಾಡ, ವಾಪಸ್ ಕಳಸ್ರಿ ಅಂತ. ಊರ ಮಂದಿ ಅಲ್ಲ, ನಾ ಬರ್ದಿದ್ದೆ. ನನ್ನ ಸಹಿ ಹಾಕಿದ್ದೆ. ಚೀಲದಾಗ ಇತ್ತು."

ನಾನು ಅವರ ಮುಖವನ್ನೇ ನೋಡಿದೆ.

"ಸಿಟ್ಟು ಬಂದಿತ್ತು. ಈ ಮಂದಿ ನನಗ ಇಪ್ಪತ್ತು ವರ್ಷ ರೊಟ್ಟಿ ಕೊಟ್ಟಾರ. ಆ ಸಭಾ ಮುಗದ ಮ್ಯಾಲ ಹೆಡ್‌ಮಾಸ್ತರಗ ಕೊಡೋದಿತ್ತು."

"ಮತ್ತೆ ಯಾಕೆ ಕೊಡಲಿಲ್ಲ?"

"ಅವ ಅರ್ಥ ಕೇಳ್ದ. ನೀ ಏನರೆ ಒಂದು ಸುಳ್ಳ ಹೇಳ್ತಿ ಅಂತ ನೋಡ್ಕೋತ ಕುಂತಿದ್ದೆ. ಕಲ್ತಾಕಿ, ಹತ್ತು ಸುಳ್ಳ ಬರ್ತಾವ ನಿನಗ. ನೀ ಹೇಳಲಿಲ್ಲ. ಬಾಯಿ ತೆರದಿ, ಮುಚ್ಚಿದಿ. ಅಷ್ಟ ಸಾಕಾಯ್ತು ನನಗ."

ನನ್ನ ಬದುಕಿನಲ್ಲಿ ನಾಚಿಕೆಪಡಬೇಕಾದ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದ್ದರೆ, ಆ ಮನುಷ್ಯನ ಮುಂದೆ ಮೂಕಳಾಗಿ ನಿಂತದ್ದನ್ನೇ ಹೇಳುತ್ತಿದ್ದೆ. ಆಪಾ ಅದೇ ಗಳಿಗೆಯನ್ನು ನನ್ನ ಪರವಾಗಿ ತೆಗೆದಿಟ್ಟುಕೊಂಡಿದ್ದರು. ನಾನು ಅವರ ಕೈಹಿಡಿದು ಕುಳಿತೆ. ಊದಿಕೊಂಡ, ಬೆಚ್ಚಗಿನ ಕೈ.

"ಇದನ್ನ ಬರೀತೀ ಏನು?" ಎಂದರು.

"ಬರೀಲಾ?"

"ಬರಿ. ಆದ್ರ ನನ್ನ ಹೆಸರು ಹಾಕಬ್ಯಾಡ. ನಮ್ಮ ಅಮ್ಮಿ ಯಾರ ಮ್ಯಾಲೂ ಅರ್ಜಿ ಹಾಕಿಲ್ಲ ಅಂತ ನನ್ನ ಮಗ ಊರೆಲ್ಲ ಹೇಳ್ಕೋತ ತಿರಗ್ತಾನ."

ಸೆರಗು ಬಾಯಿಗೆ ಹಿಡಿಯುವಷ್ಟು ಶಕ್ತಿ ಇರಲಿಲ್ಲ. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.